ನೆಂಟರು ಕಂಡ ನಾಡು, ಒಕ್ಕಲು ಕಂಡ ನಾಡು

ಆ ಊರಿನಲ್ಲಿ ಯಾವ ಮನೆಯ ಬಾಗಿಲಿಗೂ ಬೀಗವಿಲ್ಲ. ಕೈಯಿಂದ ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾರು ಬೇಕಾದರೂ ಯಾರ ಮನೆಗೆ ಬೇಕಾದರೂ ಹೋಗಬಹುದು. ಒಳಗೆ ಯಾರೊಬ್ಬರ ಸ್ವಂತದ್ದು ಎನ್ನುವಂಥದ್ದು ಏನೂ ಇಲ್ಲದ ಮೇಲೆ ಕದಿಯುವುದಾದರೂ ಏನನ್ನು? ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆಗಳನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ದಿನಕ್ಕೆ ಆರೇ ಗಂಟೆ ದುಡಿಮೆ. ಹಿತ್ತಿಲಲ್ಲಿ ದ್ರಾಕ್ಷಿ ಬಳ್ಳಿ, ಹಣ್ಣಿನ ಗಿಡ. ಚಿನ್ನದ ಮೇಲೆ ಅಲ್ಲಿಯವರಿಗೆ ಎಷ್ಟು ತಾತ್ಸಾರವೆಂದರೆ ಮೂತ್ರದ ಪಾತ್ರೆಗಳನ್ನು ಅದರಿಂದಲೇ ಮಾಡಿಸುತ್ತಾರೆ.

ಇನ್ನೊಂದು ಊರಿದೆ. ಅಲ್ಲಿ ಬಾಗಿಲಿನ ಮಾತು ಹಾಗಿರಲಿ, ಗೋಡೆಗಳೇ ಗಾಜಿನವು. ಅಕ್ಕಪಕ್ಕದವರು ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಎಲ್ಲರಿಗೂ ಕಾಣುತ್ತದೆ. ಪರದೆ ಇಳಿಬಿಡಬೇಕಾದರೆ ಸರ್ಕಾರ ಕೊಟ್ಟ ಗುಲಾಬಿ ಬಣ್ಣದ ಚೀಟಿ ಬೇಕು. ಅದೂ ನಿಗದಿಯಾದ ಗಳಿಗೆಗೆ, ನಿಗದಿಯಾದ ಸಂಗಾತಿಯ ಜೊತೆಗೆ ಮಾತ್ರ.

ಮೊದಲನೆಯ ಊರು 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದ ಥಾಮಸ್ ಮೋರ್‌ನ ‘ಯುಟೋಪಿಯಾ’ದ್ದು. ಎರಡನೆಯದು ರಷ್ಯಾದ ಯೆವ್ಗೆನಿ ಜಮ್ಯಾತಿನ್ 1920-21ರಲ್ಲಿ ಬರೆದ ‘ನಾವು’ ಕಾದಂಬರಿಯದ್ದು. ಒಂದನ್ನು ಕನಸಿನ ನಾಡುಗಳ ಮೂಲಪುರುಷ ಎನ್ನುತ್ತೇವೆ, ಇನ್ನೊಂದನ್ನು ದುಃಸ್ವಪ್ನದ ನಾಡುಗಳ ಮೂಲಪುರುಷ ಎನ್ನುತ್ತೇವೆ. ಆದರೆ ಎರಡೂ ಊರಿನ ನಕ್ಷೆಯನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಗೆರೆಗೆ ಗೆರೆ ಕೂಡುತ್ತದೆ. ಎರಡರಲ್ಲೂ ಗುಟ್ಟಿಗೆ ಜಾಗವಿಲ್ಲ, ಎರಡರಲ್ಲೂ ಬಟ್ಟೆ ಒಂದೇ ಬಗೆಯದು, ಎರಡರಲ್ಲೂ ದಿನದ ಗಂಟೆಗಳನ್ನು ಮೇಲಿನವರು ಮೊದಲೇ ಹಂಚಿಟ್ಟಿದ್ದಾರೆ. ಮತ್ತೆ ವ್ಯತ್ಯಾಸ ಎಲ್ಲಿ ಬಂತು?

ಒಳ್ಳೆಯ ಸಮಾಜದ ಕಥೆ ಯುಟೋಪಿಯಾ, ಕೆಟ್ಟ ಸಮಾಜದ ಕಥೆ ಡಿಸ್ಟೋಪಿಯಾ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಪರೀಕ್ಷೆಗೆ ಆ ಉತ್ತರ ಸಾಕು, ಓದಿಗೆ ಸಾಲದು. ನನಗೆ ಕಾಣುವುದು ಇಷ್ಟು: ಯುಟೋಪಿಯಾವನ್ನು ವರ್ಣಿಸುವವನು ಯಾವಾಗಲೂ ಆ ಊರಿಗೆ ಬಂದ ನೆಂಟ. ಡಿಸ್ಟೋಪಿಯಾವನ್ನು ಹೇಳುವವನು ಅಲ್ಲೇ ಬಾಳಬೇಕಾದ ಒಕ್ಕಲು. ನೆಂಟನಿಗೆ ಜಗಲಿಯಲ್ಲಿ ಪಾನಕ ಸಿಗುತ್ತದೆ, ಊರು ತೋರಿಸಲು ಒಬ್ಬರು ಜೊತೆಗೆ ಬರುತ್ತಾರೆ. ಹಿತ್ತಿಲಿನ ಬಚ್ಚಲನ್ನು ಬಳಿಯುವವರು ಯಾರೆಂದು ಆತ ಕೇಳುವುದಿಲ್ಲ. ಕೇಳಿದರೂ ಉತ್ತರಕ್ಕಾಗಿ ನಿಲ್ಲುವುದಿಲ್ಲ.

ಮೋರ್‌ನ ಪುಸ್ತಕದಲ್ಲಿ ಆ ದ್ವೀಪದ ಕಥೆ ಹೇಳುವವನು ರಾಫೆಲ್ ಹಿತ್ಲೋಡೆ ಎಂಬ ಪೋರ್ಚುಗೀಸ್ ಅಲೆಮಾರಿ. ಅಮೆರಿಗೊ ವೆಸ್ಪುಚಿಯ ಹಡಗಿನಲ್ಲಿ ಹೊರಟು, ದ್ವೀಪದಲ್ಲಿ ಐದು ವರ್ಷ ಇದ್ದು, ಸಿಂಹಳದ ಮೂಲಕ ನಮ್ಮ ಪಡುವಣ ಕರಾವಳಿಯ ಕ್ಯಾಲಿಕಟ್‌ಗೆ ಬಂದು, ಅಲ್ಲಿ ಪೋರ್ಚುಗೀಸರ ಹಡಗು ಹತ್ತಿ ಊರಿಗೆ ಮರಳಿದವನು. ವಾಸ್ಕೋ ಡ ಗಾಮ ಕ್ಯಾಲಿಕಟ್ ಮುಟ್ಟಿ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಹೊಸ ಸಮುದ್ರದಾರಿಗಳ ಸುದ್ದಿ ಬಿಸಿಬಿಸಿಯಾಗಿದ್ದ ಆ ಕಾಲದಲ್ಲಿ ಇಲ್ಲದ ದ್ವೀಪವೊಂದನ್ನು ಇರುವ ಬಂದರಿಗೆ ಗಂಟು ಹಾಕಿದ್ದು ಮೋರ್‌ನ ಜಾಣತನ.

ಅವನ ಕಣ್ಣು ನಿಜಕ್ಕೂ ಇದ್ದದ್ದು ಇಂಗ್ಲೆಂಡಿನ ಮೇಲೆ. ಪುಸ್ತಕದ ಮೊದಲ ಭಾಗದಲ್ಲಿ ದ್ವೀಪದ ವರ್ಣನೆಯೇ ಇಲ್ಲ. ಉಣ್ಣೆಗೆ ಬೆಲೆ ಬಂದಿದೆ ಎಂದು ಜಮೀನ್ದಾರರು ಉಳುವ ನೆಲಕ್ಕೆ ಬೇಲಿ ಹಾಕಿ ಕುರಿ ಬಿಟ್ಟದ್ದು, ಒಕ್ಕಲೆದ್ದು ಬೀದಿಗೆ ಬಿದ್ದವರು ಹೊಟ್ಟೆಗಾಗಿ ಕದ್ದದ್ದು, ಕದ್ದವರನ್ನು ಸಾಲಾಗಿ ಗಲ್ಲಿಗೇರಿಸಿದ್ದು, ಇದೇ ಅಲ್ಲಿನ ಮಾತು. ಈ ಭಾಗವನ್ನು ಬಿಟ್ಟು ಓದಿದರೆ ಯುಟೋಪಿಯಾ ಬರೀ ಚಂದದ ಊರಿನ ವರದಿಯಾಗುತ್ತದೆ. ಸೇರಿಸಿ ಓದಿದರೆ ಪ್ರತಿ ವಾಕ್ಯವೂ ಲಂಡನ್ನಿನ ಯಾರೋ ಒಬ್ಬರ ಕೆನ್ನೆಗೆ ಬಿದ್ದಂತೆ ಕೇಳುತ್ತದೆ. ಕನಸಿನ ನಾಡಿನ ಕಥೆಗಳು ತಮ್ಮ ಕಾಲವನ್ನು ಬೈಯಲು ಹುಟ್ಟುತ್ತವೆ. ನೇರವಾಗಿ ಬೈದರೆ ತಲೆ ಹೋಗುವ ಕಾಲ ಮೋರ್‌ನದು. ಮುಂದೆ 1535ರಲ್ಲಿ, ಬೇರೆಯೇ ಕಾರಣಕ್ಕೆ, ಎಂಟನೆಯ ಹೆನ್ರಿ ಮೋರ್‌ನ ತಲೆಯನ್ನು ತೆಗೆಸಿಯೇಬಿಟ್ಟ.

ಐದು ವರ್ಷ ಇದ್ದೂ ಹಿತ್ಲೋಡೆ ನೆಂಟನಾಗಿಯೇ ಉಳಿದ. ಅವನು ಒಂದೊಂದು ಸಾಲಿನಲ್ಲಿ ದಾಟಿಸುವ ಸಂಗತಿಗಳನ್ನು ನಿಂತು ನೋಡಬೇಕು. ದ್ವೀಪದಲ್ಲಿ ಗುಲಾಮರಿದ್ದಾರೆ. ಪ್ರಾಣಿಗಳನ್ನು ಕೊಯ್ಯುವ ಕೆಲಸ ಅವರದು, ಏಕೆಂದರೆ ಅದನ್ನು ಮಾಡಿದರೆ ನಾಗರಿಕರ ಮನಸ್ಸಿನ ಕರುಣೆ ಬತ್ತೀತಂತೆ! ಸಾಮೂಹಿಕ ಊಟದ ಮನೆಯ ಕೊಳಕು ಕೆಲಸವೂ ಅವರದೇ. ಚಿನ್ನದ ಸರಪಳಿ ಹಾಕುವುದು ಅವರಿಗೇ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮರಳುವ ದಿನವನ್ನು ನಮೂದಿಸಿದ ಅಧಿಕಾರಿಯ ಪತ್ರ ಬೇಕು. ಪತ್ರವಿಲ್ಲದೆ ಎರಡನೇ ಸಲ ಸಿಕ್ಕಿಬಿದ್ದರೆ ಗುಲಾಮಗಿರಿ. ಹಬ್ಬದ ದಿನ ಹೆಂಡತಿಯರು ಗಂಡಂದಿರ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳಬೇಕು. ಆ ಐವತ್ನಾಲ್ಕು ನಗರಗಳ ಪೈಕಿ ಯಾವುದಾದರೂ ಒಂದರ ಗುಲಾಮನಿಗೋ ಹೆಂಡತಿಗೋ ಹಾಳೆ, ಲೇಖನಿ ಸಿಕ್ಕಿದ್ದರೆ ಡಿಸ್ಟೋಪಿಯಾ ಎಂಬ ಪ್ರಕಾರ ನಾಲ್ಕು ಶತಮಾನ ಮೊದಲೇ ಹುಟ್ಟುತ್ತಿತ್ತು.

ಹೆಚ್ಚುಕಡಿಮೆ ಅದೇ ಕಾಲಮಾನದಲ್ಲಿ ಕಾಶಿಯ ಕಡೆ ಚಮ್ಮಾರ ಕುಲದ ಸಂತ ರವಿದಾಸರು ಬೇಗಂಪುರ ಎಂಬ ದುಃಖವಿಲ್ಲದ ಊರನ್ನು ಹಾಡಿದರು. ಆ ಪದ ಗುರು ಗ್ರಂಥ ಸಾಹಿಬ್‌ನಲ್ಲಿದೆ. ಮೋರ್ ನಗರಗಳನ್ನು ಎಣಿಸುತ್ತಾನೆ, ಬೀದಿಯ ಅಗಲ ಹೇಳುತ್ತಾನೆ. ರವಿದಾಸರು ಅಳತೆಗೆ ಕೈ ಹಾಕುವುದೇ ಇಲ್ಲ. ಅಲ್ಲಿ ಏನೇನು ಇಲ್ಲ ಎಂಬುದೇ ಅವರ ಪಟ್ಟಿ: ಕಂದಾಯವಿಲ್ಲ, ಅಂಜಿಕೆಯಿಲ್ಲ, ಎರಡನೇ ದರ್ಜೆ ಮೂರನೇ ದರ್ಜೆ ಎಂಬ ಮಂದಿಯಿಲ್ಲ. ಅಲ್ಲಿನ ದೊಡ್ಡ ಸುಖ ಎಂದರೆ ಮನಸ್ಸು ಬಂದಲ್ಲಿ ಅಡ್ಡಾಡುವುದು, ಯಾರೂ ತಡೆಯದಿರುವುದು. ಮುಂದೆ ಇಂಗ್ಲೆಂಡಿನ ಛಾನ್ಸಲರ್ ಆಗಲಿದ್ದ ಮೋರ್‌ನ ಕನಸಿನ ನಾಡಿನಲ್ಲಿ ನಡೆದಾಡಲು ರಹದಾರಿ ಬೇಕು. ಯಾವ ಬೀದಿಯಲ್ಲಿ ಕಾಲಿಡಬಾರದು ಎಂದು ಹುಟ್ಟಿನಿಂದಲೇ ತಿಳಿದಿದ್ದ ಚಮ್ಮಾರನ ಕನಸಿನಲ್ಲಿ ಅದೇ ಮೊದಲು ಹೋಗಬೇಕಾದದ್ದು. ಒಕ್ಕಲೊಬ್ಬ ಕಂಡ ಕನಸಿನ ನಾಡು ಹೀಗಿರುತ್ತದೆ. ಅದಕ್ಕೆ ನಕ್ಷೆ ಇರುವುದಿಲ್ಲ, ಗಾಯದ ಗುರುತು ಇರುತ್ತದೆ.

ನಮ್ಮ ಕಡೆಯ ಜನಪದ ಒಳ್ಳೆಯ ನಾಡನ್ನು ದೂರದ ದ್ವೀಪದಲ್ಲಾಗಲಿ ನಾಳೆಯಲ್ಲಾಗಲಿ ಇಡುವುದಿಲ್ಲ, ಕಳೆದುಹೋದ ಕಾಲದಲ್ಲಿ ಇಡುತ್ತದೆ. ದೀಪಾವಳಿಯಲ್ಲಿ ತುಳುನಾಡಿನವರು ಗದ್ದೆಗೆ ದೀಪ ಹಿಡಿದು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಆಳುತ್ತಿದ್ದವನು ಈಗ ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟ. ಪೂರ್ತಿ ಮರಳಿ ಬರಲು ಅವನಿಗೆ ಹಾಕಿರುವ ಷರತ್ತುಗಳು ಎಂದೂ ಕೈಗೂಡದಂಥವು. ಕಾದಂಬರಿಕಾರರು ಇನ್ನೂ ಈ ಎಳೆಯನ್ನು ಸರಿಯಾಗಿ ಎತ್ತಿಕೊಂಡಿಲ್ಲ ಎಂಬ ಅನುಮಾನ ನನಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ದ್ವೀಪಗಳು ಮುಗಿದವು, ಭೂಪಟ ತುಂಬಿತು. ಆಗ ಲೇಖಕರು ಹಡಗು ಬಿಟ್ಟು ನಿದ್ದೆಯ ಮೊರೆ ಹೋದರು. ಎಡ್ವರ್ಡ್ ಬೆಲ್ಲಮಿಯ 1888ರ ‘ಲುಕಿಂಗ್ ಬ್ಯಾಕ್‌ವರ್ಡ್’ ಕಾದಂಬರಿಯ ನಾಯಕ 1887ರಲ್ಲಿ ಬಾಸ್ಟನ್ನಿನಲ್ಲಿ ಮಲಗಿ 2000ದಲ್ಲಿ ಏಳುತ್ತಾನೆ. ಡಾಕ್ಟರ್ ಲೀಟ್ ಎಂಬುವರು ಅವನನ್ನು ಕೂರಿಸಿಕೊಂಡು ಹೊಸ ವ್ಯವಸ್ಥೆಯನ್ನು ವಿವರಿಸುತ್ತಾರೆ, ವಿವರಿಸುತ್ತಲೇ ಇರುತ್ತಾರೆ. ಅಮೆರಿಕದಲ್ಲಿ ಅದರ ಹೆಸರಲ್ಲಿ ಸಂಘಗಳೇ ಹುಟ್ಟಿದವು. ಇಂದು ಓದಲು ಕೂತರೆ ಆಕಳಿಕೆ ಬರುತ್ತದೆ. ವಿಲಿಯಂ ಮಾರಿಸ್‌ಗೆ ಅದನ್ನು ಓದಿ ಸಿಟ್ಟು ಬಂದು 1890ರಲ್ಲಿ ತನ್ನದೇ ಒಂದು ಕನಸಿನ ಇಂಗ್ಲೆಂಡನ್ನು ಬರೆದ. ಅವನ ನಾಯಕನೂ ನಿದ್ದೆಯಿಂದ ಎದ್ದು ಬಂದ ನೆಂಟನೇ. ಈ ಊರು ತೋರಿಸುವ ಪ್ರಕಾರ ಸತ್ತುಹೋಗಿದೆ ಎಂದು ವಿಮರ್ಶಕರು ಹೇಳುವುದುಂಟು. ಭಾನುವಾರದ ಪತ್ರಿಕೆಯ ಪೂರ್ಣಪುಟದ ಅಪಾರ್ಟ್‌ಮೆಂಟ್ ಜಾಹೀರಾತನ್ನು ಅವರು ಓದುವುದಿಲ್ಲವೇನೋ. ಕೆರೆ, ಹಸಿರು, ಸೈಕಲ್ ತುಳಿಯುವ ಮಕ್ಕಳು ಎಲ್ಲ ಅಲ್ಲಿದ್ದಾರೆ. ಸಂಜೆ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಮನೆಗೆ ಹೊರಡುವ ಕೆಲಸದಾಕೆ ಮಾತ್ರ ಚಿತ್ರದಲ್ಲಿಲ್ಲ. ಪ್ರಯಾಗ್ ಅಕ್ಬರ್ 2017ರಲ್ಲಿ ಬರೆದ ‘ಲೀಲಾ’ ಕಾದಂಬರಿ ಇಂಥದೇ ಗೋಡೆಗಳನ್ನು ಎತ್ತರಿಸುತ್ತಾ ಹೋಗಿ, ಜಾತಿಗೊಂದು ಕೋಮಿಗೊಂದು ಕೋಟೆ ಕಟ್ಟಿಕೊಂಡ ನಗರದಲ್ಲಿ ಮಗಳನ್ನು ಹುಡುಕುವ ತಾಯಿಯ ಕೈಗೆ ಕಥೆಯನ್ನು ಕೊಡುತ್ತದೆ.

ನೆಂಟರ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಂಗಾಳದ ರೊಕೇಯಾ ಸಖಾವತ್ ಹುಸೇನ್ ಬರೆದ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝೀನ್’ನಲ್ಲಿ ಬಂದ ಪುಟ್ಟ ಇಂಗ್ಲಿಷ್ ಕಥೆ. ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸುಲ್ತಾನಾಳನ್ನು ಸಿಸ್ಟರ್ ಸಾರಾ ಎಂಬಾಕೆ ಒಂದು ನಾಡಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಅಡುಗೆಗೆ ಬಿಸಿಲಿನ ಶಾಖ, ಓಡಾಟಕ್ಕೆ ಹಾರುವ ಬಂಡಿ, ಮೋಡದಿಂದ ನೀರು ಸೆಳೆಯುವ ಬಲೂನು, ದಿನಕ್ಕೆ ಎರಡು ಗಂಟೆ ಕೆಲಸ. ಇಷ್ಟು ಬೇಗ ಹೇಗೆ ಮುಗಿಯುತ್ತದೆ ಎಂದರೆ, ಚುಟ್ಟಾ ಸೇದುತ್ತ ಕೂರುವ ಗಂಡಸರು ಕಚೇರಿಯಲ್ಲಿ ಇಲ್ಲವಲ್ಲ! ಗಂಡಸರೆಲ್ಲ ಮರ್ದಾನಾದಲ್ಲಿ, ಅಂದರೆ ಪರದೆಯೊಳಗೆ, ಅಡುಗೆ ಮಾಡುತ್ತ ಮಕ್ಕಳನ್ನು ನೋಡಿಕೊಳ್ಳುತ್ತ ಇದ್ದಾರೆ. ಸ್ವತಃ ಜನಾನಾದ ಗೋಡೆಗಳ ನಡುವೆ ಬೆಳೆದ ರೊಕೇಯಾ ಒಂದೇ ಒಂದು ಬದಲಾವಣೆ ಮಾಡಿ ಕೈಕಟ್ಟಿ ನಕ್ಕರು. ಆ ನಾಡಿನ ಗಂಡಸರಿಗೆ ಹೇಗನಿಸುತ್ತದೆ ಎಂದು ಕಥೆ ಹೇಳುವುದಿಲ್ಲ, ಹೇಳದಿರುವುದೇ ಅದರ ಚೂಪು. ಪರದೆಯೊಳಗಿನ ಹೆಂಗಸರಿಗೆ ಹೇಗನಿಸುತ್ತದೆ ಎಂದು ಅಷ್ಟು ವರ್ಷ ಯಾರು ಕೇಳಿದ್ದರು? ಕನಸಿನ ನಾಡಿನಲ್ಲಿ ಒಕ್ಕಲಿನ ಬಾಯಿ ಮುಚ್ಚಿರುತ್ತದೆ ಎಂಬ ದೋಷವನ್ನು ತಿಳಿದೇ ಬಳಸಿಕೊಂಡವರು ಅವರೊಬ್ಬರೇ ಇರಬೇಕು. ಕಥೆ ಬರೆದು ಸುಮ್ಮನಾಗಲಿಲ್ಲ, 1911ರಲ್ಲಿ ಕಲ್ಕತ್ತಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು.

ಈಗ ಜಮ್ಯಾತಿನ್. ಆತ ಹಡಗು ಕಟ್ಟುವ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರಷ್ಯಾಕ್ಕಾಗಿ ಹಿಮ ಒಡೆಯುವ ಹಡಗುಗಳ ನಿರ್ಮಾಣ ನೋಡಿಕೊಂಡವನು. ತ್ಸಾರನ ಕಾಲದಲ್ಲೂ ಬೊಲ್ಶೆವಿಕರ ಕಾಲದಲ್ಲೂ ಜೈಲು ಕಂಡವನು. ಕಾರ್ಖಾನೆಯ ಕೂಲಿಯ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಅವನ ಕಾದಂಬರಿಯ ಏಕರಾಜ್ಯದಲ್ಲಿ ಋಷಿಯಂತೆ ಪೂಜ್ಯ. ಅಲ್ಲಿ ಜನರಿಗೆ ಹೆಸರಿಲ್ಲ, ಸಂಖ್ಯೆ ಇದೆ. ನಾಯಕ ಡಿ-503 ಬಾಹ್ಯಾಕಾಶ ನೌಕೆ ಕಟ್ಟುವ ಗಣಿತಜ್ಞ.

ಈ ಕಾದಂಬರಿಯ ಕಸುಬು ಎಲ್ಲಿದೆ ನೋಡಿ. ಡಿ-503 ಬರೆಯಲು ಕೂರುವುದು ದೂರು ಹೇಳಲು ಅಲ್ಲವೇ ಅಲ್ಲ. ಬೇರೆ ಗ್ರಹಗಳಲ್ಲಿ ಇನ್ನೂ ಸ್ವಾತಂತ್ರ್ಯವೆಂಬ ಕಾಡುಸ್ಥಿತಿಯಲ್ಲಿ ಇರಬಹುದಾದ ಜೀವಿಗಳಿಗೆ ಏಕರಾಜ್ಯದ ಸುಖವನ್ನು ತಿಳಿಸುವ ಬರಹಗಳನ್ನು ನೌಕೆಯಲ್ಲಿ ಕಳಿಸಬೇಕೆಂದು ಸರ್ಕಾರ ಕರೆ ಕೊಟ್ಟಿದೆ. ಅದಕ್ಕೆ ಓಗೊಟ್ಟು ಆತ ಶುರು ಮಾಡುತ್ತಾನೆ. ಅಂದರೆ ಡಾಕ್ಟರ್ ಲೀಟ್‌ನ ಕೆಲಸವೇ: ಬರಲಿರುವ ನೆಂಟರಿಗೆ ಊರು ತೋರಿಸುವುದು. ಮೊದಲ ಪುಟಗಳಲ್ಲಿ ಉಬ್ಬಿದ ಎದೆ, ಗೆರೆ ಎಳೆದಂಥ ವಾಕ್ಯಗಳು. ಆಮೇಲೆ ಐ-330 ಎಂಬ ಹೆಣ್ಣು ಬರುತ್ತಾಳೆ, ಹಸಿರು ಗೋಡೆಯ ಆಚೆಗಿನ ಕಾಡಿನ ಸುದ್ದಿ ಬರುತ್ತದೆ, ವಾಕ್ಯಗಳು ಅರ್ಧಕ್ಕೆ ತುಂಡಾಗತೊಡಗುತ್ತವೆ. ವೈದ್ಯರು ಪರೀಕ್ಷಿಸಿ, ನಿನಗೆ ಆತ್ಮ ಬೆಳೆದುಬಿಟ್ಟಿದೆ, ವಾಸಿಯಾಗುವುದು ಕಷ್ಟ ಎನ್ನುತ್ತಾರೆ. ಮಾರ್ಗದರ್ಶಿಯಾಗಿ ಪೆನ್ನು ಹಿಡಿದವನು ಅದೇ ಪುಸ್ತಕದಲ್ಲಿ, ನಮ್ಮ ಕಣ್ಣೆದುರೇ, ಒಕ್ಕಲಾಗುತ್ತಾನೆ. ಯುಟೋಪಿಯಾ ಡಿಸ್ಟೋಪಿಯಾ ಆಗಲು ಊರಿನಲ್ಲಿ ಒಂದು ಇಟ್ಟಿಗೆಯೂ ಕದಲಬೇಕಾಗಲಿಲ್ಲ. ಕೊನೆಗೆ ಕಲ್ಪನಾಶಕ್ತಿಯನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಮಾರ್ಗದರ್ಶಿಯ ಧಾಟಿಗೆ ಮರಳುತ್ತಾನೆ. ಪ್ರೀತಿಸಿದವಳ ಚಿತ್ರಹಿಂಸೆಯನ್ನು ಹವಾಮಾನದಂತೆ ವರದಿ ಮಾಡುತ್ತಾನೆ. ಓದಿದವರಿಗೆ ಮರೆಯಲಾಗದ ಪುಟ ಅದು. 1924ರಲ್ಲಿ ಕಾದಂಬರಿ ಇಂಗ್ಲಿಷಿನಲ್ಲಿ ಹೊರಬಂತು. ಅದು ಬರೆಯಲ್ಪಟ್ಟ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ, ಲೇಖಕ ಪ್ಯಾರಿಸ್ಸಿನಲ್ಲಿ ತೀರಿಕೊಂಡು ಅರ್ಧ ಶತಮಾನದ ಮೇಲೆ.

ಆಲ್ಡಸ್ ಹಕ್ಸ್ಲಿಯ ವಿಷಯ ಇನ್ನೂ ಸ್ವಾರಸ್ಯ. ಅವನ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಜನ ಬೇಸರ ಬಂದಾಗಲೆಲ್ಲ ನುಂಗುವ ಮಾತ್ರೆಯ ಹೆಸರು ಸೋಮ. ಮೂವತ್ತು ವರ್ಷದ ನಂತರ, 1962ರಲ್ಲಿ, ಅವನು ‘ಐಲೆಂಡ್’ ಎಂಬ ಕನಸಿನ ದ್ವೀಪವನ್ನು ಬರೆದ. ಅಲ್ಲಿನವರೂ ಒಂದು ಔಷಧಿ ಸೇವಿಸುತ್ತಾರೆ, ಅದರ ಹೆಸರು ಮೋಕ್ಷ. ಎರಡೂ ಹೆಸರು ನಮ್ಮಿಂದಲೇ ಹೋದವು. ಮೊದಲನೆಯದು ಜನರನ್ನು ಮಂಕಾಗಿಸುತ್ತದೆ, ಎರಡನೆಯದು ಎಚ್ಚರಿಸುತ್ತದೆ ಎಂದು ಹಕ್ಸ್ಲಿಯ ವಾದ. ಇರಬಹುದು. ಆದರೆ ಸೋಮದ ಕಥೆಯಲ್ಲಿ ನಾವು ಬರ್ನಾರ್ಡ್ ಎಂಬ ಒಕ್ಕಲಿನ ಕಿರಿಕಿರಿಯೊಳಗೆ ಕೂತಿರುತ್ತೇವೆ, ಮೋಕ್ಷದ ಕಥೆಯಲ್ಲಿ ಹಡಗು ಮುರಿದು ದಡ ಸೇರಿದ ಪತ್ರಕರ್ತ ನೆಂಟನ ಜೊತೆ ತಿರುಗುತ್ತೇವೆ. ನನ್ನ ಲೆಕ್ಕಕ್ಕೆ ಸುಲಭವಾಗಿ ಸಿಗದವನು ‘ಬ್ರೇವ್ ನ್ಯೂ ವರ್ಲ್ಡ್’ನ ಜಾನ್. ಅವನು ಹೊರಗಿನಿಂದ ಬಂದವನು, ಆದರೂ ಅಲ್ಲಿ ಅವನಿಗೆ ಕಾಣುವುದು ನರಕ. ಅವನು ಬೆಳೆದದ್ದು ತಾಯಿ ಲಿಂಡಾ ಆ ನಾಡಿನ ಬಗ್ಗೆ ಹೇಳುತ್ತಿದ್ದ ಚಂದದ ಕಥೆಗಳನ್ನು ಕೇಳಿಕೊಂಡು. ದೂರದ ಬೆಟ್ಟ ಹತ್ತಿರ ಬಂದಾಗ ಅವನಷ್ಟು ಗಾಯಗೊಂಡವರು ಇನ್ನೊಬ್ಬರಿಲ್ಲ.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರ ಜನವರಿಯಲ್ಲಿ ಜಮ್ಯಾತಿನ್‌ನ ಪುಸ್ತಕಕ್ಕೆ ವಿಮರ್ಶೆ ಬರೆದ. ಮೂರು ವರ್ಷಕ್ಕೆ ಅವನ ‘1984’ ಬಂತು. ಅದೂ ದಿನಚರಿ ಬರೆಯುವುದರಿಂದ ಶುರುವಾಗುವ ಕಥೆ. ಕಣ್ಣಿಡುವ ಪರದೆ, ದೊಡ್ಡಣ್ಣ, ತಿದ್ದಿದ ಪತ್ರಿಕೆಗಳು ಎಲ್ಲ ಎಲ್ಲರಿಗೂ ಗೊತ್ತು, ಅವು ಈಗ ರಾಜಕಾರಣಿಗಳ ಬಾಯಲ್ಲೂ ಸವೆದಿವೆ. ಹೆಚ್ಚು ಜನ ಓದದೆ ಬಿಡುವುದು ಕೊನೆಯ ಅನುಬಂಧವನ್ನು. ನಾಯಕ ವಿನ್‌ಸ್ಟನ್ ಸೋತ ಮೇಲೆ, ಆ ಆಳ್ವಿಕೆ ರೂಪಿಸಿದ ಹೊಸಭಾಷೆಯ ಬಗ್ಗೆ ವಿದ್ವಾಂಸನೊಬ್ಬನ ಟಿಪ್ಪಣಿ ಇದೆ, ಅಷ್ಟೂ ಭೂತಕಾಲದಲ್ಲಿ. ಅಂದರೆ ಆ ಆಳ್ವಿಕೆ ಮುಗಿದಿದೆ, ಯಾರೋ ದೂರದಿಂದ ಅದನ್ನು ಅಧ್ಯಯನ ಮಾಡುತ್ತಿದ್ದಾರೆ ಎಂದು ಕೆಲವರು ಓದುತ್ತಾರೆ. ಮಾರ್ಗರೆಟ್ ಆಟ್‌ವುಡ್ ಹಾಗೆ ಓದುವವರಲ್ಲಿ ಒಬ್ಬರು. ತಮ್ಮ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ, ಹೆರುವ ಯಂತ್ರವಾಗಿಸಲ್ಪಟ್ಟ ಹೆಂಗಸಿನ ಸ್ವಗತ ಮುಗಿದ ಕೂಡಲೇ ನಮ್ಮನ್ನು 2195ರ ವಿಚಾರಸಂಕಿರಣಕ್ಕೆ ಕೂರಿಸುತ್ತಾರೆ. ಪ್ರೊಫೆಸರ್ ಒಬ್ಬರು ಆಕೆಯ ಧ್ವನಿಮುದ್ರಿಕೆಗಳ ಬಗ್ಗೆ ಪ್ರಬಂಧ ಮಂಡಿಸುತ್ತ ಜೋಕು ಹೊಡೆಯುತ್ತಾರೆ, ಸಭಿಕರು ನಗುತ್ತಾರೆ. ಇನ್ನೂರು ವರ್ಷದ ದೂರ ಸಿಕ್ಕಿದರೆ ಯಾರ ಸಂಕಟಕ್ಕೂ ನಾವು ನೆಂಟರಾಗಿಬಿಡಬಹುದು.

ನೆಂಟ ಮತ್ತು ಒಕ್ಕಲು ಇಬ್ಬರನ್ನೂ ಒಬ್ಬನೇ ಆಗಿಸಿದ್ದು ಉರ್ಸುಲಾ ಲೆ ಗ್ವಿನ್. ‘ದಿ ಡಿಸ್‌ಪೊಸೆಸ್ಡ್’ ಬಂದದ್ದು 1974ರಲ್ಲಿ. ಅನಾರೆಸ್ ಎಂಬ ಒಣ ಉಪಗ್ರಹದಲ್ಲಿ ಸರ್ಕಾರವಿಲ್ಲ, ಜೈಲಿಲ್ಲ, ಆಸ್ತಿಯಿಲ್ಲ. ಬರಗಾಲ ಬಂದಾಗ ಇದ್ದುದನ್ನು ಹಂಚಿಕೊಂಡೇ ಉಣ್ಣುತ್ತಾರೆ. ಅಲ್ಲಿ ಹುಟ್ಟಿ ಬೆಳೆದ ಭೌತವಿಜ್ಞಾನಿ ಶೆವೆಕ್ ಪಕ್ಕದ ಶ್ರೀಮಂತ ಗ್ರಹಕ್ಕೆ ಅತಿಥಿಯಾಗಿ ಹೋಗುತ್ತಾನೆ. ಹೋದಲ್ಲಿ ಅವನ ಕಣ್ಣು ಒಕ್ಕಲಿನದು, ಸತ್ಕಾರದ ಹಿಂದಿನ ಬಡವರ ಕೇರಿಯನ್ನು ಹುಡುಕಿಕೊಂಡು ಹೋಗುತ್ತದೆ. ತನ್ನ ನಾಡಿನಲ್ಲೂ ಅವನು ಕಾಣುವುದು ಸುಖವನ್ನಷ್ಟೇ ಅಲ್ಲ. ಪೊಲೀಸರಿಲ್ಲದ ಅನಾರೆಸ್‌ನಲ್ಲಿ ಗೆಳೆಯನೊಬ್ಬ ಬರೆದ ನಾಟಕ ಜನಕ್ಕೆ ಹಿಡಿಸದೆ ಅವನ ಬಾಳೇ ಮೂರಾಬಟ್ಟೆಯಾಗುತ್ತದೆ. ಯಾವ ಕಾನೂನೂ ಅವನನ್ನು ಶಿಕ್ಷಿಸಲಿಲ್ಲ, ನಾಲ್ಕು ಜನ ಏನಂತಾರೆ ಎಂಬುದೇ ಸಾಕಾಯಿತು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಅಧ್ಯಾಯವನ್ನು ಯಾರೂ ವಿವರಿಸಬೇಕಿಲ್ಲ.

ಕನ್ನಡದಲ್ಲಿ ಈ ಚರ್ಚೆ ಎತ್ತಿದರೆ ಹನ್ನೆರಡನೆಯ ಶತಮಾನದ ಶರಣರ ಕಲ್ಯಾಣಕ್ಕೆ ಬಾರದೆ ಇರಲಾಗದು. ಅದು ಬರೀ ಕಾದಂಬರಿಯ ಊರಲ್ಲ, ನಡೆದ ಇತಿಹಾಸವೂ ಹೌದು, ಹಾಡಿ ಬೆಳೆಸಿದ ಕನಸೂ ಹೌದು. ಮೋರ್‌ನ ದ್ವೀಪದಲ್ಲಿ ಕೊಳಕು ಕೆಲಸದವರಿಗೆ ಹೆಸರಿಲ್ಲ. ಕಲ್ಯಾಣದ ನೆನಪಿನಲ್ಲಿ ಕಸುಬೇ ಹೆಸರಿನ ಮೊದಲರ್ಧ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಅವರು ನೆಂಟರ ಬಾಯಲ್ಲಿ ವರ್ಣನೆಯಾಗಲಿಲ್ಲ, ತಾವೇ ಮಾತಾಡಿದರು. ಬಿದ್ದ ಅಕ್ಕಿ ಆಯ್ದು ತರುವ ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹಿಂದಿರುಗಿಸಿ ಬಾ ಎಂದು ಅಟ್ಟಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬೆಲ್ಲಮಿಯ ಡಾಕ್ಟರ್ ಲೀಟ್‌ಗೆ ಹೇಳಿದ್ದರೆ ಎರಡು ಅಧ್ಯಾಯವಾದರೂ ಉಳಿಯುತ್ತಿತ್ತು. ಬ್ರಾಹ್ಮಣ ಮಧುವರಸರ ಮಗಳಿಗೂ ಚಮ್ಮಾರ ಹರಳಯ್ಯನ ಮಗನಿಗೂ ಆದ ಮದುವೆ, ಅದರ ಹಿಂದೆಯೇ ಹರಿದ ರಕ್ತ ನಮ್ಮ ನಾಟಕಕಾರರನ್ನು ಮತ್ತೆ ಮತ್ತೆ ಕರೆದಿದೆ. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಮೂರೂ ಅದೇ ಊರಿನ ಬಾಗಿಲು ಬಡಿಯುತ್ತವೆ.

ಆದರೆ ನೆಂಟ-ಒಕ್ಕಲಿನ ಆಟವನ್ನು ಪೂರ್ತಿ ಆಡಿ ತೋರಿಸಿದ್ದು ಕಾರ್ನಾಡರ ‘ತುಘಲಕ್’, 1964ರ ನಾಟಕ. ಸುಲ್ತಾನ ತನ್ನ ರಾಜ್ಯಕ್ಕೇ ನೆಂಟ. ನ್ಯಾಯ, ಸಮಾನತೆ, ಹೊಸ ರಾಜಧಾನಿ, ತಾಮ್ರದ ನಾಣ್ಯ, ಎಲ್ಲವೂ ಅವನ ತಲೆಯಲ್ಲಿ ಗುಲಾಬಿ ತೋಟದಷ್ಟು ಅಂದ. ದಿಲ್ಲಿಯಿಂದ ದೌಲತಾಬಾದಿಗೆ ನಡೆದು ಬಂದ ಹಾದಿಯ ಸಾವುನೋವನ್ನು ಹೇಳುವವನು ರಾತ್ರಿ ಕೋಟೆ ಕಾಯುವ ಮುದಿ ಪಹರೆಯವನು. ಆ ದೃಶ್ಯದಲ್ಲಿ ಸುಲ್ತಾನನ ಯುಟೋಪಿಯಾ ಮೊದಲ ಸಲ ಒಕ್ಕಲಿನ ಬಾಯಿಗೆ ಬರುತ್ತದೆ. ಇನ್ನು ಅಜೀಜ್ ಇದ್ದಾನೆ, ಅಗಸ. ಪ್ರಜೆಯೂ ಸುಲ್ತಾನನ ಮೇಲೆ ದಾವೆ ಹೂಡಬಹುದು ಎಂಬ ಘೋಷಣೆ ಕೇಳಿದ್ದೇ, ಜಮೀನು ಕಳೆದುಕೊಂಡ ಬ್ರಾಹ್ಮಣನ ಹೆಸರು ವೇಷ ಎರಡನ್ನೂ ತೊಟ್ಟು ದಾವೆ ಹೂಡಿ, ಗೆದ್ದು, ಹಣ ಮತ್ತು ನೌಕರಿ ಎರಡನ್ನೂ ಪಡೆಯುತ್ತಾನೆ. ಆಮೇಲೆ ಖೋಟಾ ನಾಣ್ಯ, ಆಮೇಲೆ ಕೊಲೆ, ಕೊನೆಗೆ ಖಲೀಫರ ವಂಶಸ್ಥನ ವೇಷ. ಊರು ತೋರಿಸುವವನ ಮಾತನ್ನು ಅಕ್ಷರ ಬಿಡದೆ ಕೇಳಿಸಿಕೊಂಡು, ಪ್ರತಿ ನಿಯಮದ ಸಂದಿಯಲ್ಲಿ ತನಗೊಂದು ಜಾಗ ಮಾಡಿಕೊಂಡ ಒಕ್ಕಲು ಅವನು. ಸಿಕ್ಕಿಬಿದ್ದಾಗಲೂ ಹೆದರುವುದಿಲ್ಲ, ನಿಮ್ಮ ಆದರ್ಶಗಳನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಯಾರಿದ್ದಾರೆ ಎಂಬ ಧಾಟಿಯಲ್ಲೇ ಸುಲ್ತಾನನ ಎದುರು ನಿಲ್ಲುತ್ತಾನೆ. ಸುಲ್ತಾನ ನಗುತ್ತಾನೆ. ಶಿಕ್ಷೆ ಕೊಡುವುದಿಲ್ಲ, ಅಧಿಕಾರಿಯಾಗಿ ನೇಮಿಸಿ ದಖ್ಖನ್‌ಗೆ, ಅಂದರೆ ನಮ್ಮ ಕಡೆಗೆ, ಕಳಿಸುತ್ತಾನೆ.